ಮನೆಯಂಗಳದ ಜಾತ್ರೆ: ಮಗುವಿನ ವರ್ಧಂತಿಯಲ್ಲಿ ದಾಸೋಹಭಾವ

ಮಗುವಿನ ಜನ್ಮದಿನವು ಗೃಹಸ್ಥನ ಮನೆಯಲ್ಲಿ ನಿಷ್ಕಲ್ಮಷವಾದ ಸಂತೋಷದ ದಿನ. ಅಂದು ಕೂಸಿಗೆ ಎಣ್ಣೆಹಚ್ಚಿ ನೀರೆರೆದು, ಹೊಸ ಅಂಗಿ ತೊಡಿಸಿ, ಹಣೆಗೆ ವಿಭೂತಿಯಿಟ್ಟು, ಲಿಂಗಪೂಜೆಯಾದ ಬಳಿಕ ಹಿರಿಯರ ಪಾದಕ್ಕೆರಗಿಸಿ ಆರತಿ ಬೆಳಗುವುದು ನಮ್ಮ ಮನೆಗಳಲ್ಲಿ ನಡೆದುಬಂದ ಕ್ರಮ. ಇದಕ್ಕೆ ವರ್ಧಂತಿಯೆಂದು ಹೆಸರು. ವೃದ್ಧಿಯನ್ನು ಸೂಚಿಸುವ ಧಾತುವಿನಿಂದ ಬಂದ ಶಬ್ದವಿದು. ಮಗು ಒಂದು ವರ್ಷ ಬೆಳೆಯಿತೆಂಬುದು ಅದರ ವಾಚ್ಯಾರ್ಥ. ಮೈ ಬೆಳೆದಂತೆ ಮನವೂ ಬೆಳೆಯಿತೆ ಎಂಬುದು ಅದರೊಳಗೆ ಅಡಗಿರುವ ಪ್ರಶ್ನೆ.

ಈಚಿನ ವರ್ಷಗಳಲ್ಲಿ ಈ ದಿನದ ಆಚರಣೆಗೆ ಹೊಸದೊಂದು ರೂಪ ಬಂದಿದೆ. ಪಾಶ್ಚಾತ್ಯರ ‘ಕಾರ್ನಿವಲ್’ ಮಾದರಿಯಲ್ಲಿ, ಎಂದರೆ ನಮ್ಮ ಜಾತ್ರೆಯ ಮಾದರಿಯಲ್ಲಿ, ಮನೆಯಂಗಳವನ್ನು ಅಣಿಗೊಳಿಸಿ, ಅಲ್ಲಲ್ಲಿ ಆಟದ ಅಂಗಡಿಗಳನ್ನಿಟ್ಟು, ನೆರೆಹೊರೆಯ ಮಕ್ಕಳನ್ನು ಕರೆದು ನಲಿಸುವುದು ಆ ರೂಪ. ಪೇಟೆಗಳಲ್ಲಿ ಇದನ್ನು ಹಣಕ್ಕೆ ನಡೆಸಿಕೊಡುವವರಿದ್ದಾರೆ. ಕೆಲವರು ಎಲ್ಲವನ್ನೂ ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ನಾಲ್ಕೈದು ವರ್ಷದ ಕೂಸಿಗಾಗಿ ಇಂತಹ ಮನೆಜಾತ್ರೆಯನ್ನು ಮಾಡುವುದು ಶರಣಧರ್ಮವನ್ನು ನಂಬಿದ ಗೃಹಸ್ಥನಿಗೆ ಸಲ್ಲುವುದೆ? ಸಲ್ಲುವುದಾದರೆ ಯಾವ ಕ್ರಮದಿಂದ? ಇದು ಸಣ್ಣ ವಿಷಯವೆಂದು ತಳ್ಳಿಬಿಡಲಾಗದು. ಪಡೆಯುವುದರಲ್ಲಿ ಸುಖವುಂಟೋ ಕೊಡುವುದರಲ್ಲಿ ಸುಖವುಂಟೋ ಎಂಬ ಪಾಠವನ್ನು ಮಗು ಇಂತಹ ದಿನಗಳಲ್ಲಿಯೇ ಕಲಿಯುತ್ತದೆ.

ಮೊದಲು ಶಬ್ದಗಳ ವಿಚಾರ. ಜಾತ್ರೆಯೆಂಬುದು ಸಂಸ್ಕೃತದ ಯಾತ್ರಾ ಶಬ್ದದ ತದ್ಭವ. ಮನೆಯನ್ನು ಬಿಟ್ಟು ಪುಣ್ಯಸ್ಥಳಕ್ಕೆ ನಡೆದುಹೋಗುವುದು ಅದರ ಮೂಲಾರ್ಥ. ಬೆಂಡು ಬತ್ತಾಸು, ತೊಟ್ಟಿಲು, ಬಳೆಯಂಗಡಿಗಳು ಆ ನಡಿಗೆಯನ್ನು ಹಿಂಬಾಲಿಸಿ ಬಂದವು. ಕಾರ್ನಿವಲ್ ಎಂಬ ಶಬ್ದದ ಕಥೆಯೂ ಹೀಗೆಯೇ ಇದೆ. ಯುರೋಪಿನ ಕ್ರೈಸ್ತರು ಈಸ್ಟರಿಗೆ ಮುಂಚೆ 40 ದಿನಗಳ ವ್ರತವನ್ನು ಹಿಡಿಯುತ್ತಾರೆ. ಆ ವ್ರತ ತೊಡಗುವ ಮುನ್ನ ಜನರು ಕೂಡಿ ನಲಿಯುವ ಹಬ್ಬ ಕಾರ್ನಿವಲ್. ಮಾಂಸವನ್ನು ತೊರೆಯುವುದೆಂಬ ಅರ್ಥದ ಲ್ಯಾಟಿನ್ ಮಾತುಗಳಿಂದ ಆ ಹೆಸರು ಬಂದಿತೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ಮುಂದೆ 1893ರಲ್ಲಿ ಅಮೆರಿಕದ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಫೆರಿಸ್ ಎಂಬ ಎಂಜಿನಿಯರನು 264 ಅಡಿ ಎತ್ತರದ ತಿರುಗುವ ಚಕ್ರವನ್ನು ನಿಲ್ಲಿಸಿದನು. ಆ ಪ್ರದರ್ಶನದ ವಿನೋದದ ಬೀದಿಯನ್ನು ಕಂಡು, ಊರೂರಿಗೆ ಸಂಚರಿಸುತ್ತ ಆಟ ತೋರುವ ಮೇಳಗಳು ಆ ದೇಶದಲ್ಲಿ ಹಬ್ಬಿದವು. ಅವುಗಳಿಗೂ ಕಾರ್ನಿವಲ್ ಎಂದೇ ಹೆಸರಾಯಿತು. ಅಲ್ಲಿ ವ್ರತ ಮರೆಯಾಗಿ ವಿನೋದ ಮಾತ್ರ ಉಳಿಯಿತು.

ಎರಡು ನಾಡುಗಳಲ್ಲಿಯೂ ನಲಿವು ತನಗಿಂತ ಹಿರಿದಾದ ಒಂದನ್ನು ಆಶ್ರಯಿಸಿ ನಿಂತಿದ್ದಿತೆಂಬುದು ಇದರಿಂದ ಸ್ಪಷ್ಟ. ನಮ್ಮಲ್ಲಿ ಅದಕ್ಕೆ ಯಾತ್ರೆ ಆಶ್ರಯ, ಅವರಲ್ಲಿ ವ್ರತ ಆಶ್ರಯ. ಆಶ್ರಯ ತಪ್ಪಿದ ನಲಿವು ಬೇರಿಲ್ಲದ ಬಳ್ಳಿಯಂತೆ. ಸಂಜೆಯ ಹೊತ್ತಿಗೆ ಬಾಡುತ್ತದೆ. ಹಾಗಾದರೆ ಮನೆಯಂಗಳದ ಈ ಚಿಕ್ಕ ಜಾತ್ರೆಗೆ ಆಶ್ರಯವಾವುದು? ದಾಸೋಹವೆಂಬುದೇ ನನ್ನ ಉತ್ತರ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ಕಂಡವರು ಇದನ್ನು ಬೇಗ ಒಪ್ಪುವರು. ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿದು, ಬಂಡಿಗಳಲ್ಲಿ ಹೇರಿ ಮಠಕ್ಕೆ ಕಳುಹಿಸುತ್ತಾರೆ. ಯಾರ ಮನೆಯ ರೊಟ್ಟಿ ಯಾರ ಎಲೆಗೆ ಬಿದ್ದಿತೆಂದು ಕೇಳುವವರಿಲ್ಲ. ಆ ಜಾತ್ರೆಯ ನಿಜವಾದ ವೈಭವವಿರುವುದು ಅಲ್ಲಿ.

ಇಲ್ಲೊಂದು ಪೂರ್ವಪಕ್ಷವುಂಟು: “ವರ್ಧಂತಿಯೆಂದರೆ ಪೂಜೆ, ಪ್ರಸಾದ, ಆಶೀರ್ವಾದ. ಆಟದ ಅಂಗಡಿಗಳಿಗೆ ಅಲ್ಲೇನು ಕೆಲಸ?” ಎಂದು ಹಿರಿಯರು ಕೇಳಬಹುದು. ಈ ಮಾತಿನಲ್ಲಿ ಕಾಳಜಿಯಿದೆ. ಆದರೆ ಎಳೆಯ ಮಗುವಿನ ಸ್ವಭಾವದ ವಿಚಾರವಿಲ್ಲ. ನಾಲ್ಕು ವರ್ಷದ ಕೂಸು ಉಪದೇಶದಿಂದ ಕಲಿಯದು, ಆಟದಿಂದ ಕಲಿಯುತ್ತದೆ. ದೊಡ್ಡವರು ಮಾಡುವುದನ್ನು ಅನುಕರಿಸುವುದೇ ಅದರ ವಿದ್ಯಾಭ್ಯಾಸ. ಕೂಸು ಬೊಂಬೆಗೆ ಉಣಿಸುವಾಗ ತಾಯ್ತನವನ್ನು ಕಲಿಯುವಂತೆ, ಬತ್ತಾಸು ಹಂಚುವಾಗ ದಾಸೋಹವನ್ನು ಕಲಿಯುತ್ತದೆ. ಪೂಜೆ ಬೆಳಿಗ್ಗೆ ನಡೆಯಲಿ, ಆಟ ಸಂಜೆ ನಡೆಯಲಿ, ಇವೆರಡಕ್ಕೂ ವೈರವಿಲ್ಲ.

ಇನ್ನು ಮಾಡುವ ಬಗೆ. ಮನೆಜಾತ್ರೆಗೆ ಬೇಕಾಗುವ ಸಾಮಗ್ರಿ ಬಹುಪಾಲು ಮನೆಯಲ್ಲಿಯೇ ಇರುತ್ತದೆ. ಹಳೆಯ ಸೀರೆಗಳನ್ನು ಕಟ್ಟಿದರೆ ಚಪ್ಪರವಾಯಿತು. ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಚಿಂದಿಯ ಚೆಂಡಿನಿಂದ ಉರುಳಿಸಿದರೆ ಒಂದು ಆಟ. ನೀರು ತುಂಬಿದ ತಂಬಿಗೆಗೆ ಹಗ್ಗದ ಬಳೆಯನ್ನು ಎಸೆದರೆ ಇನ್ನೊಂದು ಆಟ. ರಟ್ಟಿನ ಪೆಟ್ಟಿಗೆಗೆ ಕಿಂಡಿ ಕೊರೆದು, ಉದ್ದನೆಯ ಕಾಗದಕ್ಕೆ ಚಿತ್ರಗಳನ್ನು ಅಂಟಿಸಿ, ಎರಡು ಕೋಲುಗಳಿಗೆ ಸುತ್ತಿ ತಿರುಗಿಸಿದರೆ, ಹಿಂದೆ ಜಾತ್ರೆಗಳಲ್ಲಿ ಕಾಣುತ್ತಿದ್ದ ಬಯೋಸ್ಕೋಪಿನ ಪೆಟ್ಟಿಗೆ ಸಿದ್ಧ. ತೆಂಗಿನ ಗರಿಯ ಪೀಪಿ, ಕಾಗದದ ಗಿರಗಿಟ್ಲೆಗಳನ್ನು ಅಜ್ಜನು ಮಕ್ಕಳೆದುರಿಗೇ ಮಾಡಿಕೊಡಬಹುದು. ತಿನ್ನಲು ಚುರುಮುರಿ, ಕುಡಿಯಲು ಬೆಲ್ಲದ ಪಾನಕ ಸಾಕು. ಎಳೆಯ ಮಕ್ಕಳು ಬರುವಲ್ಲಿ ಗೋಲಿಯನ್ನೂ ಇಡೀ ಶೇಂಗಾಕಾಳನ್ನೂ ಇಡಲಾಗದು. ಅವು ಗಂಟಲಿಗೆ ಸಿಕ್ಕಿ ಉಸಿರುಕಟ್ಟಿಸುತ್ತವೆ. ಒಡೆದ ಬಲೂನಿನ ಚೂರೂ ಹಾಗೆಯೇ. ಜಲಜನಕ ತುಂಬಿದ ಬಲೂನುಗಳಂತೂ ಬೇಡವೇ ಬೇಡ. ದೀಪದ ಕುಡಿ ತಗುಲಿದರೆ ಅವು ಭಗ್ಗನೆ ಹೊತ್ತಿಕೊಳ್ಳುತ್ತವೆ.

ಇದನ್ನೆಲ್ಲ ಹಣ ಕೊಟ್ಟು ತರಿಸಿದರೆ ಇನ್ನೂ ಅಂದವಾಗಿರುವುದಲ್ಲವೆ ಎಂದರೆ, ಹೌದು, ಅಂದವಾಗಿರಬಹುದು. ಬಾಡಿಗೆಗೆ ಚಪ್ಪರ ಹಾಕುವವನ ದುಡಿಮೆಯೂ ಕಾಯಕವೇ. ಅದನ್ನು ಹಳಿಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಆ ಕಾಯಕದ ಪುಣ್ಯ ಅವನದು, ನಮ್ಮದಲ್ಲ. ತಂದೆ ರಟ್ಟು ಕತ್ತರಿಸುವುದನ್ನೂ, ಅಜ್ಜಿ ಚಿಂದಿಯ ಚೆಂಡು ಹೊಲಿಯುವುದನ್ನೂ ಕೂಸು ಎಂಟು ದಿನ ಕಣ್ಣಾರೆ ಕಾಣುತ್ತದೆ. ತಾನೂ ಅಂಟು ಹಚ್ಚುತ್ತದೆ, ಬಣ್ಣ ಚೆಲ್ಲುತ್ತದೆ. ಸಂತೋಷವು ಕೈಗಳಿಂದ ಹುಟ್ಟುವ ವಸ್ತುವೆಂದು ಅದಕ್ಕೆ ಆಗ ತಿಳಿಯುತ್ತದೆ. ಸಂಜೆ ಬಂದಿಳಿದು ರಾತ್ರಿ ಹೊರಟುಹೋಗುವ ಬಾಡಿಗೆಯ ವೈಭವದಿಂದ ಈ ತಿಳಿವು ಬಾರದು.

ಹಾಗೆಂದು ಕೈಯಿಂದ ಮಾಡಿದ್ದೆಲ್ಲವೂ ಶುದ್ಧವೆಂದು ಭ್ರಮಿಸಬಾರದು. ಸರಳತೆಗೂ ಒಂದು ಡಂಭವುಂಟು. ಹತ್ತು ಅಂಗಡಿ ಸಾಲದೆಂದು ಇಪ್ಪತ್ತು ಮಾಡಿ, ಅವುಗಳ ಚಿತ್ರ ತೆಗೆದು ಮೊಬೈಲಿನಲ್ಲಿ ಊರಿಗೆಲ್ಲ ಕಳುಹಿಸಿ, ಹೊಗಳಿಕೆಗಳನ್ನು ಎಣಿಸುತ್ತ ಕುಳಿತ ತಾಯಿತಂದೆಗಳಿಗೆ ಮಗುವಿನ ಮುಖ ನೋಡಲು ಪುರಸತ್ತೆಲ್ಲಿ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಪತಿಯಾದ ಮಾರಯ್ಯನವರು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ತಂದಾಗ, ಆ ಮಹಾತಾಯಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಅಕ್ಕಿ ಕದ್ದದ್ದಲ್ಲ, ದುಡಿದು ತಂದದ್ದು. ಆದರೂ ಬೇಕಾದುದಕ್ಕಿಂತ ಹೆಚ್ಚಾದುದರಿಂದ ಅದು ಸಲ್ಲದಾಯಿತು. ನಮ್ಮ ಮನೆಜಾತ್ರೆಗೂ ಇದೇ ಅಳತೆಗೋಲು. ಕರೆದ ಮಕ್ಕಳಿಗೆ ಬೇಸರವಾಗದಿರಲು ಐದು ಆಟಗಳು ಸಾಕಾದರೆ ಆರನೆಯದು ಮಗುವಿಗಾಗಿ ಅಲ್ಲ, ನಮ್ಮ ಹೆಸರಿಗಾಗಿ.

ಮುಂದೆ ಗೆಲುವು ಸೋಲುಗಳ ವಿಚಾರ. ಪೇಟೆಯ ಜಾತ್ರೆಯಲ್ಲಿ ಚೀಟಿಗೆ ದುಡ್ಡುಂಟು. ಹೆಚ್ಚು ದುಡ್ಡುಳ್ಳವನು ಹೆಚ್ಚು ಆಡುತ್ತಾನೆ. ಗುರಿಯಿಟ್ಟವನು ಬಹುಮಾನ ಒಯ್ಯುತ್ತಾನೆ. ಉಳಿದವರು ಬರಿಗೈಯಲ್ಲಿ ತಿರುಗುತ್ತಾರೆ. ಮನೆಯ ಜಾತ್ರೆಯಲ್ಲಿ ಈ ನಿಯಮವನ್ನು ಹೊರಳಿಸಬೇಕು. ಬಂದ ಪ್ರತಿಯೊಂದು ಮಗುವಿಗೂ ಐದೈದು ಚೀಟಿಗಳು. ಹುಟ್ಟುಹಬ್ಬದ ಕೂಸಿಗೂ ಐದೇ. ಆ ಚೀಟಿಗಳನ್ನು ಬಾಗಿಲಲ್ಲಿ ನಿಂತು ಹಂಚುವ ಕೆಲಸ ಆ ಕೂಸಿನದೇ ಆಗಲಿ. ಚೆಂಡು ತಾಗಿದವನಿಗೂ ತಾಗದವನಿಗೂ ಒಂದೇ ಬಗೆಯ ಗಿರಗಿಟ್ಲೆ ದೊರೆಯಲಿ. ಜಗತ್ತು ಮುಂದೆ ಅವರನ್ನು ಗೆದ್ದವರು ಸೋತವರೆಂದು ವಿಂಗಡಿಸದೆ ಬಿಡದು. ಐದು ವರ್ಷ ತುಂಬುವ ಮೊದಲೇ ಆ ಕೆಲಸವನ್ನು ನಾವು ಆರಂಭಿಸಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದುದು ಉಡುಗೊರೆಯ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನನ್ನು ಸಹಪಾಠಿಯೊಬ್ಬನು ವರ್ಧಂತಿಗೆ ಕರೆದಿದ್ದನು. ಎಲ್ಲರೂ ಹೋದರು, ಇವನು ಹೋಗಲಿಲ್ಲ. ಕೇಳಿದರೆ ಹೊಟ್ಟೆನೋವೆಂದನು. ಮರುದಿನ ಮೆಲ್ಲಗೆ ವಿಚಾರಿಸಿದಾಗ, “ಕೈಯಾಗ ಏನೂ ಇಲ್ಲದ ಹೆಂಗ ಹೋಗೂದ್ರಿ ಸರ್?” ಎಂದು ನೆಲ ನೋಡಿದನು. ಕರೆದವರು ಒಳ್ಳೆಯವರೇ, ಏನನ್ನೂ ಬೇಡಿದವರಲ್ಲ. ಆದರೂ ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳ ರಾಶಿಯೊಂದು ಆ ಮನೆಯ ಬಾಗಿಲಿಗೆ ಕಾಣದ ಅಗಳಿಯಾಗಿ ಬಿದ್ದಿತ್ತು. ಏಳು ವರ್ಷದ ಬಾಲಕನು ತನ್ನ ಬಡತನವನ್ನು ಮೊದಲು ಅರಿತದ್ದು ಇನ್ನೊಂದು ಮಗುವಿನ ಸಂತೋಷದ ದಿನದಲ್ಲಿ. ಇದು ವಿಚಾರ ಮಾಡತಕ್ಕ ಮಾತಲ್ಲವೆ?

ಆದಕಾರಣ ಕರೆಯುವಾಗಲೇ “ಏನನ್ನೂ ತರಬೇಡಿರಿ, ಮಕ್ಕಳನ್ನಷ್ಟೆ ಕಳುಹಿಸಿರಿ” ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆಯೂ ಯಾರಾದರೂ ತಂದರೆ, ಎಲ್ಲರೆದುರಿಗೆ ಬಿಚ್ಚದೆ ಒಳಗಿಡಬೇಕು. ಕೊಡುಗೆಯನ್ನು ನೆನಪಿಟ್ಟು ತಿರುಗಿ ಕೊಡುವ ಲೆಕ್ಕ ಬೆಳೆದಲ್ಲಿ ಸ್ನೇಹವು ಸಾಲವಾಗುತ್ತದೆ. ದಾಸೋಹಂ ಎಂದರೆ ‘ನಾನು ದಾಸನು’ ಎಂದರ್ಥ. ನೀಡುವವನು ಬಾಗಿರಬೇಕು, ಪಡೆಯುವವನು ನೆಟ್ಟಗೆ ನಿಂತಿರಬೇಕು; ಇದು ಆ ಶಬ್ದದ ಮರ್ಮ. ಬಂದ ಮಗು ತಲೆ ತಗ್ಗಿಸಿ ನಿಂತಿತೆಂದರೆ ಅಲ್ಲಿ ನಡೆದದ್ದು ಔತಣವಿರಬಹುದು, ದಾಸೋಹವಲ್ಲ.

ದಾಸೋಹದ ಮಾತು ಬಂದಾಗ ಮನೆಯೊಳಗಿನವರನ್ನು ಮರೆಯಬಾರದು. ಅಂಗಳದಲ್ಲಿ ಎಲ್ಲರೂ ನಗುತ್ತಿರಲು, ತಾಯಿಯೊಬ್ಬಳೇ ಒಲೆಯ ಮುಂದೆ ಬೆವರುತ್ತಿದ್ದರೆ ಆ ಸಂತೋಷ ಕುಂಟು. ಶರಣರ ಬಳಗದಲ್ಲಿ ಕಾಯಕಕ್ಕೆ ಗಂಡುಹೆಣ್ಣೆಂಬ ಭೇದವಿರಲಿಲ್ಲ. ಪಾನಕ ಕಲಸುವುದು, ಪಾತ್ರೆ ತೊಳೆಯುವುದು, ಸಂಜೆಯ ಕಸ ಗುಡಿಸುವುದು ತಂದೆಗೂ ಚಿಕ್ಕಪ್ಪಂದಿರಿಗೂ ಸಲ್ಲುವ ಕೆಲಸಗಳೇ. ಮನೆಗೆಲಸದವಳ ಮಗುವನ್ನೂ ಕರೆಯಬೇಕು. ತಟ್ಟೆ ಎತ್ತಲು ಅಲ್ಲ, ಚೆಂಡು ಎಸೆಯಲು. ಅದಕ್ಕೂ ಐದು ಚೀಟಿ, ಅದೇ ಸಾಲಿನಲ್ಲಿ ಊಟ.

ಕೊನೆಯದಾಗಿ ತೇರಿನ ವಿಚಾರ. ತೇರಿಲ್ಲದ ಜಾತ್ರೆಯುಂಟೆ? ರಟ್ಟಿನ ಪೆಟ್ಟಿಗೆಗೆ ಗಾಲಿ ಜೋಡಿಸಿ, ಬಣ್ಣದ ಕಾಗದ ಹಚ್ಚಿ, ಉದ್ದನೆಯ ಮಿಣಿಯನ್ನು ಕಟ್ಟಿದರೆ ಮಕ್ಕಳ ತೇರು ಸಿದ್ಧ. ಅದರಲ್ಲಿ ಕೂರಿಸಬೇಕಾದುದು ಏನು? ಪೂಜ್ಯವಾದ ಯಾವ ವಸ್ತುವನ್ನೂ ಕೂರಿಸಲಾಗದು, ಅದು ಆಟಕ್ಕಲ್ಲ. ಹುಟ್ಟುಹಬ್ಬದ ಕೂಸನ್ನು ಕೂರಿಸಿ ಎಳೆಯೋಣವೆಂದು ಅನೇಕರಿಗೆ ಮೊದಲು ತೋರುವುದು. ಹಾಗೆ ಮಾಡಿದರೆ ಇಷ್ಟು ಹೊತ್ತು ಕಲಿಸಿದ್ದೆಲ್ಲ ನೀರಿನಲ್ಲಿ ಹೋಮವಾದಂತೆ. ತಾನು ಮೇಲೆ, ಉಳಿದವರು ಕೆಳಗೆ. ತಾನು ಕೂರುವವನು, ಅವರು ಎಳೆಯುವವರು ಎಂಬ ಭಾವ ಎಳೆಯ ಮನಸ್ಸಿನಲ್ಲಿ ಬೇರೂರಲು ಅಂತಹ ಒಂದು ಸುತ್ತು ಸಾಕು. ತೇರಿನಲ್ಲಿ ಬತ್ತಾಸಿನ ಪೊಟ್ಟಣಗಳು ಕೂರಲಿ. ಮಿಣಿಗೆ ಎಲ್ಲ ಮಕ್ಕಳ ಕೈಗಳೂ ಬೀಳಲಿ. ಅವುಗಳ ನಡುವೆ ಹುಟ್ಟುಹಬ್ಬದ ಕೂಸಿನ ಕೈಯೂ ಇರಲಿ. ತೇರು ಅಂಗಳವನ್ನು ಒಂದು ಸುತ್ತು ಬಂದು ನಿಂತ ಮೇಲೆ ಆ ಕೂಸೇ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಎಲ್ಲರಿಗೂ ನೀಡಿ, ಕಡೆಯದನ್ನು ತಾನು ತೆಗೆದುಕೊಳ್ಳಲಿ. ನಾಲ್ಕು ವರ್ಷದ ಮಗುವಿಗೆ ಮೊದಲ ಸಲ ಇದು ಕಷ್ಟವೇ. ಅತ್ತರೂ ಅಳಬಹುದು. ಆಗ ಗದರಿಸದೆ ಅದರ ಕೈಹಿಡಿದು ನೀಡಿಸಬೇಕು. ಮರುವರ್ಷ ಅದು ತಾನಾಗಿಯೇ ಓಡಿಹೋಗಿ ನೀಡುವುದು.

ಸದ್ಭಕ್ತರೇ, ಮಕ್ಕಳಿಗೆ ಸಂತೋಷವನ್ನು ಕೊಡುವುದು ತಪ್ಪೆಂದು ಶರಣರಾರೂ ಹೇಳಿದವರಲ್ಲ. ಆ ಸಂತೋಷ ಯಾರ ದುಡಿಮೆಯಿಂದ ಹುಟ್ಟಿತು, ಎಷ್ಟು ಕೈಗಳಿಗೆ ಹಂಚಿಹೋಯಿತು, ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಹಬ್ಬ ಮಾಡಿದರೆ, ರಟ್ಟಿನ ತೇರಿನ ಜಾತ್ರೆಯೂ ಗುರುಹಿರಿಯರು ಮೆಚ್ಚುವ ಆಚರಣೆಯಾಗುತ್ತದೆ. ಮನೆಮನೆಯ ಕೂಸುಗಳು ಮೈಯಲ್ಲಿಯೂ ಮನದಲ್ಲಿಯೂ ವರ್ಧಿಸಲಿ.