ಪಟ್ಟಿಯಲ್ಲಿರುವ ಹೆಸರು ಯಾರದ್ದು?

(ಗ್ರಾಮ ಪಂಚಾಯಿತಿ ಕಚೇರಿ. ನಿವೃತ್ತ ಮೇಷ್ಟ್ರು ಮತ್ತು ಒಂದು ಕಾಲದಲ್ಲಿ ಅವರ ಬಳಿ ಓದಿದ ಪಿಡಿಒ.)

ಮೇಷ್ಟ್ರು: ಏನಮ್ಮಾ, ಮನೆ ಮಂಜೂರಾದವರ ಪಟ್ಟಿ ಕೇಳಿದರೆ ‘ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ’ ಅಂತ ಹಿಂಬರಹ ಕಳಿಸಿದ್ದೀಯ?

ಪಿಡಿಒ: ಕೂತ್ಕೊಳ್ಳಿ ಮೇಷ್ಟ್ರೇ. ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಈಗ ಮೊದಲಿನಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ತಿದ್ದಿತು. 2025ರ ನವೆಂಬರ್‌ನಲ್ಲಿ ತಿದ್ದುಪಡಿ ಜಾರಿಗೂ ಬಂತು. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಅಂದರೆ ಸಾಕು, ವಿನಾಯಿತಿ.

ಮೇಷ್ಟ್ರು: ಮೊದಲು ಏನಿತ್ತು, ಹೇಳು.

ಪಿಡಿಒ: ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ್ದು, ಇಲ್ಲವೇ ವಿನಾಕಾರಣ ಒಬ್ಬರ ಖಾಸಗಿತನಕ್ಕೆ ಕೈಹಾಕುವಂಥದ್ದಾದರೆ ಮಾತ್ರ ತಡೆಹಿಡಿಯಬಹುದಿತ್ತು. ಅದಕ್ಕೂ ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಲೇಬೇಕಿತ್ತು. ಸಂಸತ್ತಿಗೆ, ವಿಧಾನಸಭೆಗೆ ಇಲ್ಲವೆನ್ನಲಾಗದ್ದನ್ನು ಯಾರಿಗೂ ಇಲ್ಲವೆನ್ನುವಂತಿರಲಿಲ್ಲ. ಆ ಮಾತೂ ಹೋಯಿತು.

ಮೇಷ್ಟ್ರು: ಅಂದರೆ ನಿನ್ನ ಮೇಜಿನ ಮೇಲಿದ್ದ ತಕ್ಕಡಿಯನ್ನೇ ಎತ್ತಿಕೊಂಡು ಹೋದರು.

ಪಿಡಿಒ: ಪೂರ್ತಿ ಅಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಅನ್ನುವ 8(2) ಉಳಿದಿದೆಯಲ್ಲ.

ಮೇಷ್ಟ್ರು: ‘ಕೊಡಬಹುದು’. ಕೊಡದಿದ್ದರೆ?

ಪಿಡಿಒ: ನನಗೇನೂ ಆಗುವುದಿಲ್ಲ. ನಿಜ ಹೇಳುತ್ತೇನೆ ಮೇಷ್ಟ್ರೇ. ಮೊದಲು ಕಾರಣವಿಲ್ಲದೆ ನಿರಾಕರಿಸಿದರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡದ ಭಯ. ಈಗ ಕಾರಣವನ್ನು ಕಾಯ್ದೆಯೇ ಬರೆದುಕೊಟ್ಟಿದೆ. ದತ್ತಾಂಶ ಕಾಯ್ದೆಯಲ್ಲೋ ಸಂಸ್ಥೆಗೆ 250 ಕೋಟಿವರೆಗೆ ದಂಡ. ಆ ಕಲಮುಗಳು ಜಾರಿಗೆ ಬರಲು ಇನ್ನೂ ಸಮಯವಿದೆ, ಭಯ ಮಾತ್ರ ಈಗಲೇ ಜಾರಿಯಲ್ಲಿದೆ.

ಮೇಷ್ಟ್ರು: ಭಯ ಬಿಡು. ತತ್ವ ಹೇಳು. ಆ ಪಟ್ಟಿ ಗುಟ್ಟಾಗಿರಬೇಕು ಅಂತ ನಿನಗೆ ಅನಿಸುತ್ತದಾ?

ಪಿಡಿಒ: ಕೆಲವೊಮ್ಮೆ ಅನಿಸುತ್ತದೆ. ವಿಧವಾ ವೇತನದ ಪಟ್ಟಿಯಲ್ಲಿ ಹೆಸರಿನ ಜೊತೆ ಖಾತೆ ಸಂಖ್ಯೆ, ಮೊಬೈಲ್, ಆಧಾರ್ ಇರುತ್ತದೆ. ಹಣ ಜಮೆಯಾದ ದಿನವೇ ಬಡ್ಡಿಯವನು ಅವಳ ಬಾಗಿಲಲ್ಲಿ ನಿಂತರೆ ಹೊಣೆ ಯಾರು? ಬಡವರು ಸರ್ಕಾರದಿಂದ ಏನೇ ಪಡೆದರೂ ಊರಿಗೆಲ್ಲ ಗೊತ್ತಾಗಬೇಕು, ಉಳ್ಳವರ ಲೆಕ್ಕ ಮಾತ್ರ ಗುಟ್ಟು. ಇದು ನ್ಯಾಯವೇ? 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕು ಅಂದರು. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು.

ಮೇಷ್ಟ್ರು: ಒಪ್ಪಿದೆ. ಖಾತೆ ಸಂಖ್ಯೆ ನನಗೆ ಬೇಡ. ಅದನ್ನು ಅಳಿಸಿ ಉಳಿದದ್ದು ಕೊಡು ಅಂತ ಕಲಂ 10 ಇದೆ. ಆದರೆ ಹೆಸರು? ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಎಲ್ಲರೆದುರು ಕೂಗಿ ಓದಿದ ಹೆಸರು ನಿನ್ನ ಕಪಾಟು ಸೇರಿದ ಕೂಡಲೇ ಖಾಸಗಿ ಹೇಗಾಯಿತು?

ಪಿಡಿಒ: ಹೆಸರು ಆ ವ್ಯಕ್ತಿಯದ್ದಲ್ಲವೇ?

ಮೇಷ್ಟ್ರು: ಹೆಸರು ಅವನದು, ಪಟ್ಟಿ ಊರಿನದು. ಬಿಟ್ಟುಹೋದವನಿಗೂ ಆ ಪಟ್ಟಿಯಲ್ಲಿ ಪಾಲಿದೆ. ತನ್ನ ಬದಲು ಯಾರು ಬಂದರು ಅಂತ ತಿಳಿಯದೆ ಅವನು ಏನಂತ ದೂರು ಕೊಡಬೇಕು? ತೊಂಬತ್ತರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಊರೂರಲ್ಲಿ ಕೂಲಿಯವರ ಹಾಜರಿ ಪಟ್ಟಿ ಓದಿಸಿದರು. ಕೆಲಸಕ್ಕೇ ಹೋಗದವರ ಹೆಸರು ಅದರಲ್ಲಿ ಸಿಕ್ಕವು. ಹೆಸರು ಮುಚ್ಚಿ ಬರೀ ಮೊತ್ತ ಓದಿದ್ದರೆ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು.

ಪಿಡಿಒ: ಹಾಗಾದರೆ ನನಗಿರುವ ದಾರಿ ಒಂದೇ. ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತದೆ ಕಲಂ 4. ಆ ಕಲಮನ್ನು ಯಾರೂ ತಿದ್ದಿಲ್ಲ. ಬೇರೆ ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾಗಿ ಬಂದು ಬಹಿರಂಗವಾದ ದತ್ತಾಂಶಕ್ಕೆ ತಾನು ಅನ್ವಯಿಸುವುದಿಲ್ಲ ಅಂತ ದತ್ತಾಂಶ ಕಾಯ್ದೆಯ ಕಲಂ 3 ಹೇಳುತ್ತದೆ. ಹೆಸರು, ಯೋಜನೆ, ಮೊತ್ತ ಇಷ್ಟನ್ನು ನಾನೇ ಸೂಚನಾ ಫಲಕಕ್ಕೆ ಹಚ್ಚಿಸುತ್ತೇನೆ. ನೀವು ಅರ್ಜಿ ಹಾಕುವ ಪ್ರಮೇಯವೇ ಬರುವುದಿಲ್ಲ.

ಮೇಷ್ಟ್ರು: ಮನೆಯ ಪಟ್ಟಿ ಸರಿ. ವಿಧವಾ ವೇತನದ್ದು?

ಪಿಡಿಒ: ಅಲ್ಲಿ ನನಗಿನ್ನೂ ಅಳುಕಿದೆ. ಅಂಥದ್ದನ್ನು ಪಟ್ಟಿ ನೋಡಿ ನೋಡಿ ತೂಗಬೇಕು. ಹಳೆಯ ಕಲಂ ನನ್ನಿಂದ ಆ ತೂಗುವ ಕೆಲಸ ಮಾಡಿಸುತ್ತಿತ್ತು. ಹೊಸದು ತೂಗುವುದೇ ಬೇಡ ಅನ್ನುತ್ತದೆ.

ಮೇಷ್ಟ್ರು: ನೀನು ಹಚ್ಚುತ್ತೀಯ. ನಾಳೆ ನಿನಗೆ ವರ್ಗವಾಗಿ ಬೇರೆಯವರು ಬಂದು ಕಿತ್ತು ಹಾಕಿದರೆ?

ಪಿಡಿಒ: ನೀವು ಮತ್ತೆ ಅರ್ಜಿ ಹಾಕುತ್ತೀರಿ, ಅವರು ಹಿಂಬರಹ ಕೊಡುತ್ತಾರೆ.

ಮೇಷ್ಟ್ರು: ಅದಕ್ಕೇ ನನ್ನ ತಕರಾರು. ಪಿಡಿಒ ಒಳ್ಳೆಯವಳಾದ್ದರಿಂದ ಸಿಕ್ಕಿದ್ದನ್ನು ಊರವರು ಉಪಕಾರ ಅಂತಾರೆ. ಪಿಡಿಒ ಯಾರೇ ಇರಲಿ ಸಿಕ್ಕೇ ಸಿಗುವುದಾದರೆ ಅದು ಹಕ್ಕು. ಪಟ್ಟಿ ಹಚ್ಚು, ಬೇಡವೆನ್ನುವುದಿಲ್ಲ. ಮೊದಲನೇ ಮೇಲ್ಮನವಿಯನ್ನಂತೂ ನಾನು ಹಾಕಿಯೇ ಹಾಕುತ್ತೇನೆ.