ಸಾಕಿದ ಕೂಸು, ಶಿವನ ಕೂಸು



ಕೆಲವು ದಿನಗಳ ಹಿಂದೆ ಗೃಹಸ್ಥ ದಂಪತಿಗಳಿಬ್ಬರು ಮಠಕ್ಕೆ ಬಂದರು. ಎರಡು ವರ್ಷ ಅವರ ಮನೆಯಲ್ಲಿ ಉಂಡು, ಆಡಿ, ಓದಿ ಬೆಳೆದ ಬಾಲಕನು ಹೆತ್ತ ತಾಯಿಯ ಬಳಿಗೆ ಮರಳುವವನಿದ್ದನು. ಬಹುಕಾಲ ರೋಗದಿಂದ ನರಳಿದ್ದ ಆ ತಾಯಿ ಈಗ ಗುಣಹೊಂದಿದ್ದಳು. "ಬುದ್ಧಿ, ಕೊನೆಗೆ ಹೋಗಿಬಿಡುವ ಮಗುವನ್ನು ಸಾಕಿ ನಮಗಾದ ಫಲವೇನು?" ಎಂದು ಗೃಹಿಣಿಯು ಕಣ್ಣೀರಿಟ್ಟಳು. ಈ ಪ್ರಶ್ನೆಯು ಆಕೆಯೊಬ್ಬಳದೇ ಅಲ್ಲ, ನಾವೆಲ್ಲರೂ ವಿಚಾರಿಸತಕ್ಕುದು.

ದತ್ತು ಬೇರೆ, ಪೋಷಕತ್ವ ಬೇರೆ. ದತ್ತು ಬಂದ ಮಗು ಎಂದೆಂದಿಗೂ ಆ ಮನೆಯದು. ಪೋಷಕತ್ವವಾದರೋ, ಹೆತ್ತವರ ಆಸರೆ ತಪ್ಪಿದ ಮಗುವನ್ನು ಕೆಲಕಾಲ ಮನೆಯಲ್ಲಿರಿಸಿಕೊಂಡು ಸಲಹುವ ಹೊಣೆ. 2015ರ ಬಾಲನ್ಯಾಯ ಕಾಯ್ದೆಯು ಇದಕ್ಕೆ ಎಡೆಗೊಟ್ಟಿದೆ. ಮಕ್ಕಳ ಕಲ್ಯಾಣ ಸಮಿತಿಯು ಮನೆಯವರ ಯೋಗ್ಯತೆಯನ್ನು ತಿಳಿದು ಮಗುವನ್ನು ಒಪ್ಪಿಸುತ್ತದೆ. ಅನಂತರವೂ ಕ್ಷೇಮವನ್ನು ವಿಚಾರಿಸುತ್ತಿರುತ್ತದೆ. ಮಗುವಿಗೆ ಕೇಡಿಲ್ಲವಾದರೆ ಹೆತ್ತವರು ಬಂದು ಕಾಣಬಹುದು. ಅವರ ಬಾಳು ನೆಲೆಗೊಂಡಾಗ ಮಗು ಮರಳಬಹುದು.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆಗಳನ್ನಿತ್ತರು. ಮಠವು ಸಾವಿರ ಮಕ್ಕಳಿಗೆ ಪಂಕ್ತಿ ಹಾಸಬಲ್ಲುದು. ಆದರೆ ನಡುರಾತ್ರಿ ಬೆಚ್ಚಿಬಿದ್ದ ಒಂದು ಮಗುವನ್ನು ಎದೆಗವಚಿಕೊಳ್ಳಲು ಮನೆಯೇ ಬೇಕು. ಈ ದಾಸೋಹವು ಗೃಹಸ್ಥನಿಗೇ ಮೀಸಲು.

ಇದು ಸುಲಭವೆಂದು ತಿಳಿಯಬಾರದು. ಹಸಿವನ್ನುಂಡ ಮಗು ರೊಟ್ಟಿಯನ್ನು ಹಾಸಿಗೆಯಡಿ ಬಚ್ಚಿಡಬಹುದು. ಅದು ಕಳವಲ್ಲ, ಭಯ. ಗದರಿಕೆಯಿಂದ ಭಯ ಬೆಳೆಯುತ್ತದೆ. ನಾಳೆಯೂ ರೊಟ್ಟಿಯುಂಟೆಂಬ ನಂಬಿಕೆಯಿಂದ ಕರಗುತ್ತದೆ. ಮನೆಯ ಮಕ್ಕಳಿಗೂ ತಮ್ಮ ಪಾಲು ಕಿರಿದಾಯಿತೆಂಬ ಅಳುಕು ಹುಟ್ಟುವುದು ಸಹಜ. ಈ ದಂಪತಿಗಳ ಮಗಳೇ ಮೊದಲ ತಿಂಗಳು ತನ್ನ ಬಣ್ಣದ ಪೆಟ್ಟಿಗೆಯನ್ನು ಮುಟ್ಟಗೊಡಲಿಲ್ಲವಂತೆ. ಆದುದರಿಂದ ಹಿರಿಯರು ಕಿರಿಯರೆಲ್ಲರ ಮನಸ್ಸನ್ನು ತಿಳಿದೇ ಇದಕ್ಕೆ ಮುಂದಾಗಬೇಕು. ದಾಸೋಹದ ಕೀರ್ತಿ ಯಜಮಾನನಿಗೆ, ದುಡಿಮೆ ಗೃಹಿಣಿಗೆ ಎಂಬುದು ಶರಣಧರ್ಮವಲ್ಲ.

ಇನ್ನೆರಡು ಮಾತು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂತಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ನೆರವುಂಟು. ಅದು ಮಗುವಿನ ಪ್ರಸಾದ. ಅದರಲ್ಲಿ ಒಂದು ಕಾಸನ್ನೂ ಮನೆಯವರು ತಮ್ಮದೆನ್ನಬಾರದು. ಹಾಗೆಯೇ ಮಗುವಿನ ಹೆಸರು, ಮಾತು, ಹೆತ್ತವರ ಆಚಾರ ಇವನ್ನು ಅಳಿಸಹೋಗಬಾರದು. ಅನ್ಯರ ಮಗುವಿನ ನೊಸಲಿಗೆ ವಿಭೂತಿ ಹಚ್ಚುವ ಆತುರವು ಭಕ್ತಿಯಲ್ಲ. ಅದರ ಮುಂದೆ ಹೆತ್ತವಳನ್ನು ಹೀನಾಯವಾಗಿ ನುಡಿಯುವುದಂತೂ ಮಹಾದೋಷ.

ಆ ಗೃಹಿಣಿಗೆ ನಾವು ಹೇಳಿದುದಿಷ್ಟು: "ತಾಯಿ, ಮನೆಗೆ ಬಂದ ಜಂಗಮನನ್ನು ನೀವು ಕಟ್ಟಿಹಾಕಿಕೊಳ್ಳುವಿರಾ? ಪಾದಕ್ಕೆ ನೀರೆರೆದು, ಪ್ರಸಾದವಿತ್ತು, ಹೊರಟಾಗ ಬಾಗಿಲವರೆಗೆ ಬಂದು ಶರಣೆನ್ನುವಿರಿ. ಉಳಿದುಕೊಳ್ಳಲಿಲ್ಲವೆಂದು ಸೇವೆ ವ್ಯರ್ಥವಾಯಿತೆ? ತನುಮನಧನಗಳು ಶಿವನವಾದರೆ ಕೂಸು ಮಾತ್ರ ನಮ್ಮದಾದೀತೆ? ಹೆತ್ತ ಮಗುವೂ ಅವನದೇ. ನಿಮ್ಮ ದುಃಖವು ಸೋಲಲ್ಲ. ಮನಸಾರೆ ಪ್ರೀತಿಸಿದ್ದಕ್ಕೆ ಅದೇ ಸಾಕ್ಷಿ."

ಆಕೆ ಬಹುಹೊತ್ತು ಮೌನವಾಗಿದ್ದು, ನಮಿಸಿ ಹೊರಟಳು. ಬಾಲಕನನ್ನು ಕಳುಹಿಸಿದ ದಿನ ಮಗಳು ಆ ಬಣ್ಣದ ಪೆಟ್ಟಿಗೆಯನ್ನು ತಾನಾಗಿಯೇ ಅವನ ಚೀಲದಲ್ಲಿಟ್ಟಳೆಂದು ಅನಂತರ ತಿಳಿಯಿತು. ಫಲವೇನೆಂದು ಕೇಳಿದ ತಾಯಿಗೆ ಉತ್ತರವು ಅವಳ ಮನೆಯಲ್ಲಿಯೇ ಬೆಳೆದಿತ್ತು.