ಮಕ್ಕಳನ್ನು ತಡೆದವರು ಯಾರು?

ಮಾರ್ಕನ ಸುವಾರ್ತೆ 10ನೇ ಅಧ್ಯಾಯ, 13ರಿಂದ 16ನೇ ವಚನ ತೆಗೆಯಿರಿ.

ಜನರು ಮಕ್ಕಳನ್ನು ಯೇಸು ಸ್ವಾಮಿಯ ಹತ್ತಿರ ಕರ್ಕೊಂಡು ಬಂದ್ರು. ತಡೆದವರು ಯಾರು? ಫರಿಸಾಯರಾ? ಅಲ್ಲ, ಶಿಷ್ಯರು! ಸ್ವಾಮಿ ಜೊತೆ ಕೂತು ಊಟ ಮಾಡ್ತಿದ್ದವರು. ಗುರುವಿಗೆ ತೊಂದರೆ ಆಗಬಾರದು ಅಂತ ಒಳ್ಳೇ ಉದ್ದೇಶದಿಂದಲೇ ತಡೆದಿರಬಹುದು. ಆದರೂ ಸ್ವಾಮಿ ಕೋಪಗೊಂಡ್ರು.

ಒಳ್ಳೇ ಉದ್ದೇಶದಿಂದ ಬಾಗಿಲು ಹಾಕೋದು ಅಂದ್ರೆ ಹೇಗಿರುತ್ತೆ? ಯೂರೋಪಿನ ಒಂದು ಸಂಗತಿ ಹೇಳ್ತೀನಿ. ಅಲ್ಲಿ ರೋಮಾ ಅನ್ನೋ ಜನಾಂಗ ಇದೆ. ಸುಮಾರು ಸಾವಿರ ವರ್ಷದ ಹಿಂದೆ ಅವರ ಪೂರ್ವಿಕರು ಹೊರಟಿದ್ದು ನಮ್ಮ ದೇಶದಿಂದಲೇ. ಇವತ್ತಿಗೂ ಅವರ ಭಾಷೆಯಲ್ಲಿ ನೀರಿಗೆ ‘ಪಾನಿ’ ಅಂತಾರೆ, ಕಿವಿಗೆ ‘ಕಾನ್’ ಅಂತಾರೆ.

ಚೆಕ್ ದೇಶದ ಒಸ್ಟ್ರಾವಾ ಪಟ್ಟಣದಲ್ಲಿ ಎಷ್ಟೋ ರೋಮಾ ಮಕ್ಕಳನ್ನು, ಕಲಿಯೋ ಶಕ್ತಿ ಕಡಿಮೆ ಇರುವವರಿಗೆ ಅಂತ ಮಾಡಿದ್ದ ‘ವಿಶೇಷ ಶಾಲೆ’ಗೆ ಕಳಿಸ್ತಿದ್ರು. ಪಾಠವೂ ಕಡಿಮೆ, ಮುಂದಿನ ದಾರಿಯೂ ಕಿರಿದು. ಆದರೆ ಬುದ್ಧಿ ಪರೀಕ್ಷೆ ಮಾಡಿದ್ರು, ತಂದೆತಾಯಿ ಸಹಿಯೂ ಇತ್ತು. ಕಾಗದಪತ್ರ ಎಲ್ಲ ಸರಿ! ಆ ಮಕ್ಕಳಲ್ಲಿ 18 ಮಂದಿಯ ಪರವಾಗಿ ಕೇಸು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯ್ತು. 2007ರ ನವೆಂಬರ್ 13ರಂದು 17 ನ್ಯಾಯಾಧೀಶರಲ್ಲಿ 13 ಮಂದಿ ಇದು ತಾರತಮ್ಯ ಅಂದ್ರು. ಪರೀಕ್ಷೆ ಬಹುಸಂಖ್ಯಾತರ ಮಕ್ಕಳನ್ನು ನೋಡಿ ಮಾಡಿದ್ದು. ಸಹಿ, ಎಲ್ಲಾ ತಿಳಿದು ಹಾಕಿದ್ದಲ್ಲ.

ಪ್ರಿಯರೇ, ತೀರ್ಪು ಬಂದ ಕೂಡಲೇ ಮಗು ಕ್ಲಾಸಿಗೆ ಬಂದುಬಿಡುತ್ತಾ? ಯಾರಾದರೂ ಕೈ ಹಿಡಿದು ಕರ್ಕೊಂಡು ಬರಬೇಕು. ಅದಕ್ಕೇ ಅಲ್ಲಿ ಮಧ್ಯವರ್ತಿಗಳು ಅಂತ ಇದ್ದಾರೆ, ಅನೇಕರು ರೋಮಾ ಜನರೇ. ಮನೆಗೆ ಹೋಗಿ ಅಮ್ಮನ ಭಯ ಕೇಳ್ತಾರೆ, ಫಾರಂ ಓದಿ ಅರ್ಥ ಹೇಳ್ತಾರೆ, ಟೀಚರ್ ಹತ್ತಿರ ಮಗುವಿನ ಪರವಾಗಿ ಮಾತಾಡ್ತಾರೆ. 2011ರಲ್ಲಿ ಯೂರೋಪ್ ಪರಿಷತ್ತು ಇಂಥವರ ತರಬೇತಿಗೆ ರೋಮೆಡ್ ಎಂಬ ಕಾರ್ಯಕ್ರಮ ಶುರು ಮಾಡಿತು. ಮಾರ್ಕ 10ರಲ್ಲೂ ಮಕ್ಕಳನ್ನು ಕರ್ಕೊಂಡು ಬಂದವರ ಹೆಸರಿಲ್ಲ. ಶಿಷ್ಯರು ಗದರಿಸಿದರೂ ಅವರು ಬಂದಿದ್ದರಿಂದಲೇ ಆ ಮಕ್ಕಳಿಗೆ ಆಶೀರ್ವಾದ ಸಿಕ್ಕಿತು.

ಈಗ ನನ್ನ ತಪ್ಪು ಒಪ್ಕೋತೀನಿ. ಕಟ್ಟಡ ಕೆಲಸಕ್ಕೆ ಒಡಿಶಾದಿಂದ ಬಂದ ಕುಟುಂಬದ ಒಬ್ಬ ಹುಡುಗ ನಮ್ಮ ಸಂಡೇ ಸ್ಕೂಲಿಗೆ ಬಂದ. ಒಂಬತ್ತು ವರ್ಷ. ಕನ್ನಡ ಓದೋಕೆ ಬರಲ್ಲ ಅಂತ ಅವನನ್ನ ನಾಲ್ಕು ವರ್ಷದ ಮಕ್ಕಳ ಜೊತೆ ಕೂರಿಸಿದೆ. ಅವನಿಗೇ ಸುಲಭ ಆಗ್ಲಿ ಅಂತ. ಮೂರು ಭಾನುವಾರ ತಲೆ ತಗ್ಗಿಸಿ ಕೂತ. ನಾಲ್ಕನೇ ವಾರ ಬರಲಿಲ್ಲ. ಹುಡುಕಿಕೊಂಡು ಹೋದಾಗ ಶೆಡ್ ಖಾಲಿ ಇತ್ತು. ಅವನಿಗೆ ಏನು ಬರುತ್ತೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಬೈಬಲ್ ಕಾಲೇಜು ಮುಗಿಸಿದ ನಾನೇ ಆ ಶಿಷ್ಯ.

ಯೌವನಸ್ಥರೇ, ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿನಲ್ಲೂ ಅಂಥ ಮಗು ಇರಬಹುದು. ಅಯ್ಯೋ ಪಾಪ ಅಂದು ಮುಂದೆ ಹೋಗಬೇಡಿ. ಹೆಸರು ಕೇಳಿ. ಶಾಲೆಗೆ ಹೋಗ್ತಿಲ್ಲ ಅಂದ್ರೆ ಒಂದು ದಿನ ಆಫೀಸಿಗೆ ರಜೆ ಹಾಕಿ, ಅಪ್ಪ ಅಮ್ಮನ ಜೊತೆ ಶಾಲೆಯ ತನಕ ಹೋಗಿ.

ತಲೆ ಬಾಗಿಸೋಣ. ಕರ್ತನೇ, ಬಾಗಿಲಲ್ಲಿ ಅಡ್ಡ ನಿಂತಿದ್ದಕ್ಕೆ ಕ್ಷಮಿಸು. ಕೈ ಹಿಡಿದು ಕರೆತರುವವರನ್ನಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ, ಆಮೆನ್.